ಹಳೆಯ ಕಾರಿಗೆ ‘ಜೀರ್ಣೋದ್ಧಾರ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಹಳೆಯ ವಸ್ತುವೊಂದನ್ನು, ಅದರ ಹಳೆಯ ಭಾಗಗಳನ್ನು ಆದಷ್ಟು ಉಳಿಸಿಕೊಂಡು, ಮೊದಲು ಹೇಗಿತ್ತೋ ಹಾಗೇ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ರೆಸ್ಟೋರೇಶನ್’ ಅಂತ ಬರೆದು ಮುಗಿಸಬಹುದು, ಗೊತ್ತು. ಆದರೆ ದಿನಾ ಮಾಡುವ ಕೆಲಸ. ಪುಟಕ್ಕೆ ಹತ್ತು ಸಲ ‘ರೆಸ್ಟೋರೇಶನ್ ಮಾಡಿದೆ’ ಅಂತ ಬರೆಯಲು ಕೈ ಬರುವುದಿಲ್ಲ.

ಸಂದರ್ಭ ಹೇಳಿಬಿಡುತ್ತೇನೆ. ಉಡುಪಿಯ ನಮ್ಮ ಮನೆಯಂಗಳದಲ್ಲಿ, ಶೀಟಿನ ಮಾಡಿನ ಕೆಳಗೆ ಒಂದು ಫ್ರೆಂಚ್ ಕಾರು, ಪ್ಯೂಜೊ 404 ಇದೆ. ಸೆಡಾನ್ ಅಲ್ಲ, ಹಿಂದೆ ಉದ್ದ ಇರುವ ಸ್ಟೇಷನ್ ವ್ಯಾಗನ್. ನೈರೋಬಿಯಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ ಊರಿಗೆ ವಾಪಸ್ ಬರುವಾಗ ಹಡಗಿನಲ್ಲಿ ತಂದದ್ದು. ಪೂರ್ವ ಆಫ್ರಿಕದಲ್ಲಿ ಈ ಕಾರಿಗೆ ಭಾರೀ ಹೆಸರು. ಅಲ್ಲಿನ ಸಫಾರಿ ರ್‍ಯಾಲಿಯನ್ನು 1963ರಲ್ಲಿ ಒಮ್ಮೆ, ಆಮೇಲೆ 1966, 67, 68ರಲ್ಲಿ ಸಾಲಾಗಿ ಗೆದ್ದದ್ದು 404. ಅಷ್ಟು ಕೆಸರು, ಕಲ್ಲು, ಹೊಂಡ ತಡೆದುಕೊಂಡ ಗಾಡಿ ನಮ್ಮ ಉಪ್ಪುಗಾಳಿಗೂ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಸುರಿಯುವ ಮಳೆಗೂ ಸೋತುಹೋಯಿತು. ಈಗ ಅದನ್ನು ಮನೆಯಲ್ಲೇ ಬಿಚ್ಚಿ ಕೂತಿದ್ದೇನೆ. ಭಾನುವಾರ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಬರುತ್ತಾರೆ. ಏನು ಬಿಚ್ಚಿದ್ದು, ಏನು ಕತ್ತರಿಸಿದ್ದು, ಏನನ್ನು ಹಾಗೇ ಬಿಟ್ಟದ್ದು ಅಂತ ಒಂದು ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಪದದ ತೊಂದರೆ ಅಲ್ಲಿ ಶುರುವಾಯಿತು.

‘ರಿಪೇರಿ’ ಸಾಲದು. ಗಾಡಿ ಓಡಿದರೆ ರಿಪೇರಿ ಮುಗಿಯಿತು. ಯಾವ ಕಂಪನಿಯ ಕಾರ್ಬುರೇಟರ್ ಹಾಕಿದಿರಿ ಅಂತ ಯಾರೂ ಕೇಳುವುದಿಲ್ಲ. ‘ನವೀಕರಣ’ ಉಲ್ಟಾ ಅರ್ಥ ಕೊಡುತ್ತದೆ, ನನಗೆ ಹೊಸತು ಮಾಡಲಿಕ್ಕಿಲ್ಲ. ಸಾಲದ್ದಕ್ಕೆ ಅದು ಲೈಸೆನ್ಸಿಗೆ, ಬಸ್ ಪಾಸಿಗೆ ಅಂಟಿಕೊಂಡ ಪದ. ‘ಪುನಶ್ಚೇತನ’ ಕೆರೆಗೆ, ನಷ್ಟದ ಕಾರ್ಖಾನೆಗೆ ಸರಿ. ಒಂದು ಬಾಗಿಲಿನ ಹಿಡಿಕೆಯನ್ನು ಉಜ್ಜಿ ಪಾಲಿಶ್ ಮಾಡಿದ್ದಕ್ಕೆ ‘ಹಿಡಿಕೆಯ ಪುನಶ್ಚೇತನ’ ಅಂದರೆ ನಗು ಬರುತ್ತದೆ ಅಲ್ವಾ.

ಉಳಿಯುವುದು ‘ಜೀರ್ಣೋದ್ಧಾರ’. ನಮ್ಮೂರಲ್ಲಿ ಈ ಪದ ಗೊತ್ತಿಲ್ಲದ ಮಗುವಿಲ್ಲ. ಯಾವ ರಸ್ತೆಯಲ್ಲಿ ಹೋದರೂ ಒಂದು ದೇವಸ್ಥಾನದ ಜೀರ್ಣೋದ್ಧಾರದ ಬ್ಯಾನರ್ ಇದ್ದೇ ಇರುತ್ತದೆ. ಪದದ ಅರ್ಥವೂ ಚೆನ್ನಾಗಿದೆ: ಸವೆದು ಹಳತಾದದ್ದನ್ನು ಮೇಲೆತ್ತುವುದು. ಸುಮ್ನೆ ಒಮ್ಮೆ ಬಳಸಿ ನೋಡಿದೆ. ಪಕ್ಕದ ಮನೆಯವರು ಕೂಡಲೇ “ಬ್ರಹ್ಮಕಲಶ ಯಾವಾಗ ಮಾರಾಯ್ರೆ? ರಶೀದಿ ಪುಸ್ತಕ ಪ್ರಿಂಟ್ ಆಯ್ತಾ?” ಅಂತ ಕೇಳಿದರು. ಶೀಟಿನ ಮಾಡಿಗೆ ‘ಬಾಲಾಲಯ’ ಅಂತ ಹೆಸರೂ ಇಟ್ಟಾಯಿತು. (ಜೀರ್ಣೋದ್ಧಾರ ಮುಗಿದ ಮೇಲೆ ದೇವಸ್ಥಾನದಲ್ಲಿ ನಡೆಯುವ ದೊಡ್ಡ ಉತ್ಸವ ಬ್ರಹ್ಮಕಲಶ. ಗರ್ಭಗುಡಿಯ ಕೆಲಸ ಮುಗಿಯುವ ತನಕ ದೇವರನ್ನು ಇಡುವ ತಾತ್ಕಾಲಿಕ ಗುಡಿಗೆ ಬಾಲಾಲಯ ಅನ್ನುತ್ತಾರೆ. ಘಟ್ಟದ ಮೇಲಿನವರಿಗಾಗಿ ಈ ವಿವರಣೆ.)

ತಮಾಷೆ ಇರಲಿ. ನನ್ನ ತಕರಾರು ಬೇರೆ. ಈಚೆಗೆ ಹೆಚ್ಚಿನ ಕಡೆ ಜೀರ್ಣೋದ್ಧಾರ ಅಂದರೆ ಹಳೆಯ ಮುರಕಲ್ಲಿನ ಗೋಡೆ, ಮರದ ಮುಚ್ಚಿಗೆ ಎಲ್ಲ ತೆಗೆದು ಶಿಲೆಯಲ್ಲಿ ಹೊಸದಾಗಿ ಕಟ್ಟುವುದು. ದೇವರ ಸಾನ್ನಿಧ್ಯ ಅದೇ, ಕಟ್ಟಡ ಬೇರೆ. ದೇವಸ್ಥಾನದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಕಾರಿಗೆ ಸಾನ್ನಿಧ್ಯ ಇಲ್ಲವಲ್ಲ! ತಗಡು ಹೋದರೆ ಕಾರೇ ಹೋಯಿತು. ಇನ್ನೊಂದು ತೊಡಕು, ಕನ್ನಡದಲ್ಲಿ ‘ಜೀರ್ಣ’ ಅಂದ ತಕ್ಷಣ ಹೊಟ್ಟೆ ನೆನಪಾಗುತ್ತದೆ. ಎಡಗಡೆಯ ಬಾಗಿಲಿನ ಕೆಳಗಿನ ಪಟ್ಟಿಯ ಮಟ್ಟಿಗೆ ಅದು ನಿಜವೂ ಹೌದು, ತುಕ್ಕು ಪೂರ್ತಿ ತಿಂದು ಜೀರ್ಣ ಮಾಡಿಕೊಂಡಿತ್ತು.

ಆ ಪಟ್ಟಿಯ ಹತ್ತಿರವೇ ನನಗೆ ಒಳ್ಳೆಯ ಪದ ಸಿಕ್ಕಿದ್ದು. ಮೇಲಿನ ಪೈಂಟ್ ನೋಡಿದರೆ ಗಟ್ಟಿ ಇದೆ ಅನ್ನಿಸುತ್ತಿತ್ತು. ಮೇಸ್ತ್ರಿ ಸಣ್ಣ ಸುತ್ತಿಗೆಯಲ್ಲಿ ಮುಂದಿನಿಂದ ಹಿಂದಕ್ಕೆ ಮೆಲ್ಲ ಬಡಿಯುತ್ತಾ ಬಂದರು. ಟಣ್ ಟಣ್ ಅನ್ನುತ್ತಿದ್ದ ಸದ್ದು ಒಂದು ಕಡೆ ಟೊಪ್ ಅಂತ ಸತ್ತಿತು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರು, ಹಿಡಿಯವರೆಗೆ ಒಳಗೆ ಹೋಯಿತು. ಒಳಗಿಂದ ಕಂದು ಬಣ್ಣದ ಹಾಳೆ ಹಾಳೆಯಾಗಿ ತುಕ್ಕು ಉದುರಿತು. “ಇಡೀ ಹಪ್ಪಳ ಆಗಿದೆ” ಅಂದರು. ಆಮೇಲೆ ಕೇಳಿದರು: “ಇದು ಸಮ ಮಾಡ್ಲಿಕ್ಕಾ, ಅಲ್ಲ ಮೊದಲಿನ ಹಾಗೆ ಮಾಡ್ಲಿಕ್ಕಾ? ಈಗಲೇ ಹೇಳಿ ಮಾರಾಯ್ರೆ, ರೇಟ್ ಬೇರೆ ಬೇರೆ ಉಂಟು.”

ಬೆಂಗಳೂರು, ಮೈಸೂರಿನ ಕಡೆಯವರು ‘ಸಮ’ ಅಂದರೆ ಮಟ್ಟಸ, ಇಲ್ಲವೇ ಈಕ್ವಲ್ ಅಂದುಕೊಳ್ಳುತ್ತೀರಿ. ಮಂಗಳೂರು, ಉಡುಪಿಯಲ್ಲಿ ಸಮ ಅಂದರೆ ಸರಿ. ‘ಅವನಿಗೆ ಹುಷಾರು ಸಮ ಇಲ್ಲ’, ‘ಫ್ಯಾನ್ ಸಮ ಆಯ್ತಾ’, ‘ನೀವು ಹೇಳಿದ್ದು ಸಮ’. ತುಳುವಿನಲ್ಲೂ ‘ಸಮ ಮಲ್ಪುನಿ’ ಅಂದರೆ ಸರಿ ಮಾಡುವುದು. ಮಜಾ ಏನೆಂದರೆ ‘ದುರಸ್ತಿ’ಯ ಮೂಲವೂ ಇದೇ ಅರ್ಥದ್ದು. ಪಾರಸಿಯ ‘ದುರುಸ್ತ್’ ಅಂದರೆ ಸರಿಯಾದ, ನೆಟ್ಟಗಿರುವ. ಹಾಗಾಗಿ ದುರಸ್ತಿ ಅಂದರೂ ಸಮ ಮಾಡುವುದು ಅಂದರೂ ಒಂದೇ. ಕಚೇರಿಯ ಕಾಗದಕ್ಕೆ ಅದು, ಬಾಯಿಮಾತಿಗೆ ಇದು.

ಮೇಸ್ತ್ರಿಯ ಪ್ರಶ್ನೆಯಲ್ಲಿ ಎರಡು ಕೆಲಸ ಸ್ಪಷ್ಟವಾಗಿ ಬೇರೆ ಆಗಿವೆ. ಸಮ ಮಾಡುವುದು ಅಂದರೆ ಹಾಳಾದಲ್ಲಿ ಒಂದು ತಗಡಿನ ಪ್ಯಾಚ್ ಇಟ್ಟು, ವೆಲ್ಡ್ ಹೊಡೆದು, ಪುಟ್ಟಿ ಹಚ್ಚಿ, ಪೈಂಟ್ ಬಳಿಯುವುದು. ಮೊದಲಿನ ಹಾಗೆ ಮಾಡುವುದು ಅಂದರೆ ಗಟ್ಟಿ ತಗಡು ಸಿಗುವ ತನಕ ಮಾತ್ರ ಕತ್ತರಿಸಿ, 20 ಗೇಜಿನ ತಗಡಿನಲ್ಲಿ ಅದೇ ಮಡಿಕೆ ಎತ್ತಿ ಕೂರಿಸುವುದು. ಕಾರ್ಖಾನೆಯವರು ಚುಕ್ಕಿ ಚುಕ್ಕಿಯಾಗಿ ಸ್ಪಾಟ್ ವೆಲ್ಡ್ ಹಾಕಿದ ಕಡೆಯೆಲ್ಲ ಇವರು ಮೇಲಿನ ತಗಡಿಗೆ ತೂತು ಕೊರೆದು, ಅದರೊಳಗೆ ವೆಲ್ಡ್ ತುಂಬಿಸಿ, ಉಜ್ಜಿ ಅದೇ ಚುಕ್ಕಿ ಬರಿಸಿದರು. ಪೈಂಟ್ ಆದ ಮೇಲೆ ಯಾರಿಗೂ ಕಾಣದ ಜಾಗ ಅದು.

ಈ ವ್ಯತ್ಯಾಸ ಬರೀ ನನ್ನ ಹಟ ಅಂದುಕೊಳ್ಳಬೇಡಿ. ಕೇಂದ್ರದ ಸಾರಿಗೆ ಸಚಿವಾಲಯ 2021ರಲ್ಲಿ ತಂದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿದರೆ ಮಾತ್ರ ಸಾಲದು. ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ ಅದು ವಿಂಟೇಜ್, ಹೊಸದಾಗಿ ನೋಂದಣಿ ಮಾಡಿಸಿದರೆ ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಅಂದರೆ ನನ್ನ ಪುಸ್ತಕದಲ್ಲಿ ‘ನವೀಕರಿಸಿದೆ’ ಅಂತ ಬರೆದರೆ ನಾನೇ ನನ್ನ ಅರ್ಜಿಗೆ ಕಲ್ಲು ಹಾಕಿದ ಹಾಗೆ.

ಸದ್ಯಕ್ಕೆ ನಾನು ‘ಸಮ ಮಾಡಿದೆ’, ‘ಮೊದಲಿನಂತೆ ಮಾಡಿದೆ’ ಅಂತ ಎರಡು ಬೇರೆ ಬೇರೆ ಬರೆಯುತ್ತಿದ್ದೇನೆ. ಎರಡನೆಯದು ಉದ್ದವಾಯಿತು, ನಾಮಪದವಂತೂ ಆಗುವುದಿಲ್ಲ. ‘ಮೂಲರೂಪಕ್ಕೆ ತರುವುದು’ ಸರಿ ಇದೆ, ಆದರೆ ಮೇಸ್ತ್ರಿಯ ಎದುರು ಓದಿ ಹೇಳಲು ಸಂಕೋಚ. ಫ್ರೆಂಚರಿಗೆ ಈ ಪಾಡಿಲ್ಲ. ಅವರ ‘ರೆಸ್ತೋರೆ’ ಕಾರಿಗೂ ಆಗುತ್ತದೆ, ದಣಿದವನಿಗೂ ಆಗುತ್ತದೆ. ಬಳಲಿದವರಿಗೆ ಕಸುವು ಕೊಡುವ ಸೂಪಿಗೆ ‘ರೆಸ್ತೋರಾಂ’ ಅಂತ ಹೆಸರಿತ್ತು, ಅದನ್ನು ಮಾರುವ ಅಂಗಡಿಗೂ ಅದೇ ಹೆಸರು ಬಿತ್ತು. ಉಡುಪಿಯವರು ಊರೂರಲ್ಲಿ ರೆಸ್ಟೋರೆಂಟ್ ಇಟ್ಟದ್ದು ಈ ಪದದಿಂದಲೇ ಹುಟ್ಟಿದ ಹೆಸರಿನಲ್ಲಿ.

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ಸ್ಟೇಷನ್ ವ್ಯಾಗನ್ನಿಗೆ ಫ್ರೆಂಚಿನಲ್ಲಿ ‘ಬ್ರೆಕ್’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಒಂದು ಬಗೆಯ ಕುದುರೆ ಗಾಡಿಗಿದ್ದ ‘ಬ್ರೇಕ್’ ಎಂಬ ಹೆಸರೇ ಅಲ್ಲಿಗೆ ಹೋದದ್ದು. ಕಾರಿನ ಹಳೆಯ ಕೈಪಿಡಿಯಲ್ಲಿ ಎಲ್ಲ ಕಡೆ ‘404 ಬ್ರೇಕ್’ ಅಂತಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿ “404 ಬ್ರೇಕಿನ ಹಿಂದಿನ ಗಾಜಿನ ರಬ್ಬರ್” ಅಂದರೆ, “ಬ್ರೇಕಿಗೆ ಗಾಜು ಎಂಥದ್ದು?” ಅನ್ನುತ್ತಾರೆ. ಬ್ರಿಟಿಷರಂತೆ ‘ಎಸ್ಟೇಟ್ ಕಾರು’ ಅಂದರೆ ಮೂಡಿಗೆರೆಯ ಕಾಫಿ ತೋಟದ ಜೀಪು ಅಂತಾಗುತ್ತದೆ. ‘ಡಿಕ್ಕಿ ಉದ್ದದ ಕಾರು’ ಅನ್ನೋಣ ಅಂದರೆ ಡಿಕ್ಕಿಯೇ ಇಲ್ಲ, ಹಿಂದಿನ ಜಾಗವೂ ಕಾರಿನ ಒಳಗೇ ಸೇರಿದೆ. ನಮ್ಮ ಅಮ್ಮ ಮೊದಲಿನಿಂದಲೂ ‘ವ್ಯಾನು’ ಅನ್ನುತ್ತಾರೆ. ನನಗೇನೋ ಅದೇ ಸಾಕು ಅನ್ನಿಸುತ್ತದೆ. ಬೇರೆ ಹೆಸರು ಕೇಳಿದವರಿದ್ದರೆ ತಿಳಿಸಿ.

ಮುಖ್ಯ ಪ್ರಶ್ನೆ ಮೊದಲಿನದೇ. ನಿಘಂಟಿನ ಪದ ಬೇಡ, ಕೆಲಸದವರ ಬಾಯಲ್ಲಿರುವ ಪದ ಬೇಕು. ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು, ಅದೇ ಮರಮಟ್ಟು ಬಳಸಿ ಮತ್ತೆ ನಿಲ್ಲಿಸಿದ್ದು ನಿಮಗೆಲ್ಲ ಗೊತ್ತು. ಅಂಥ ಮನೆಯ ಕಂಬ, ತೊಲೆ ಬಿಚ್ಚಿ ಜೋಡಿಸಿದ ಆಚಾರಿಗಳು ಆ ಕೆಲಸವನ್ನು ಏನಂತ ಕರೆಯುತ್ತಾರೆ? ಅವರ ಜೊತೆ ಒಡನಾಟ ಇರುವವರು ಕೇಳಿ ಬರೆಯಿರಿ. ತುಳು, ಕೊಂಕಣಿ, ಕುಂದಾಪುರ ಕನ್ನಡ ಯಾವುದಾದರೂ ಆದೀತು.