ಫಿಟ್ಸ್ ಇರುವ ಮಗುವಿಗೆ ಕೀಟೋ ಊಟ: ಆಹಾರ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕುಮಟಾ): ಮಗನಿಗೆ ಆರು ವರ್ಷ. ಎರಡು ಔಷಧಿ ಕೊಟ್ಟರೂ ಫಿಟ್ಸ್ ನಿಂತಿಲ್ಲ. ಮಕ್ಕಳ ನರರೋಗದ ಡಾಕ್ಟರು ಕೀಟೋ ಡಯಟ್ ಮಾಡಿ ನೋಡೋಣ ಅಂದಿದ್ದಾರೆ. ಅನ್ನ ಬಿಡಬೇಕಂತೆ, ಎಣ್ಣೆ ಜಾಸ್ತಿ ಕೊಡಬೇಕಂತೆ. ನಮ್ಮದು ಗಂಜಿ ಇಲ್ಲದೆ ಬೆಳಗಾಗದ ಮನೆ. "ಮಗುವನ್ನು ಉಪವಾಸ ಕೆಡವ್ತೀರಾ" ಅಂತ ಅತ್ತೆ ಬೇಜಾರು ಮಾಡಿಕೊಂಡಿದ್ದಾರೆ. ಇದರಿಂದ ನಿಜವಾಗಿ ಉಪಯೋಗ ಇದೆಯಾ?

ಉತ್ತರ: ಇದೆ. ಆದರೆ ಎಲ್ಲ ಮಕ್ಕಳಿಗೂ ಅಲ್ಲ. ಔಷಧಿಗೆ ಬಗ್ಗದ ಫಿಟ್ಸ್ ಇದ್ದ 145 ಮಕ್ಕಳ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೆ, ಈ ಊಟ ಮಾಡಿದವರಲ್ಲಿ 100ಕ್ಕೆ 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಮಾಮೂಲಿ ಊಟದವರಲ್ಲಿ ಹಾಗಾದದ್ದು 100ಕ್ಕೆ 6 ಮಕ್ಕಳಿಗೆ ಮಾತ್ರ.

ಅತ್ತೆಯವರಿಗೆ ಇಷ್ಟು ಹೇಳಿ. ಉಪವಾಸ ಇದ್ದಾಗ ಫಿಟ್ಸ್ ಕಡಿಮೆಯಾಗುತ್ತದೆ ಅನ್ನುವುದು ಬಹಳ ಹಿಂದಿನಿಂದ ಜನ ಕಂಡ ವಿಷಯ. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಇಡಲಿಕ್ಕಾಗುತ್ತದೆ? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾಕ್ಟರ್ ರಸೆಲ್ ವೈಲ್ಡರ್ ಇದಕ್ಕೆ ದಾರಿ ಹುಡುಕಿದರು. ಹೊಟ್ಟೆ ತುಂಬ ಕೊಬ್ಬಿನ ಊಟ ಕೊಟ್ಟು, ಅನ್ನ ಸಕ್ಕರೆ ತೀರಾ ಕಡಿಮೆ ಮಾಡಿದರೆ ಲಿವರ್ ಆ ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಮಿದುಳು ಸಕ್ಕರೆಯ ಬದಲು ಬಹುಪಾಲು ಅದರಿಂದ ನಡೆಯುತ್ತದೆ. ಮಗು ಹಸಿದುಕೊಂಡಿರುವುದಿಲ್ಲ.

ಇದನ್ನು ಪಥ್ಯ ಅನ್ನುವುದಕ್ಕಿಂತ ಔಷಧಿ ಅಂತಲೇ ತಿಳಿಯಿರಿ. ಹಳೆಯ ಪದ್ಧತಿಯಲ್ಲಿ 4 ಗ್ರಾಂ ಕೊಬ್ಬಿಗೆ, ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ (ಅನ್ನ, ಸಕ್ಕರೆಯಲ್ಲಿ ಇರುವಂಥದ್ದು) ಎರಡೂ ಸೇರಿ 1 ಗ್ರಾಂ. ಸ್ವಲ್ಪ ಸುಲಭದ್ದು ಮಾಡಿಫೈಡ್ ಆಟ್ಕಿನ್ಸ್ ಅನ್ನುವ ಪದ್ಧತಿ. ಅದರಲ್ಲಿ ದಿನಕ್ಕೆ ಸುಮಾರು 10ರಿಂದ 20 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಸೌಟು ಅನ್ನಕ್ಕೇ ಆ ಲೆಕ್ಕ ಮುಗಿದುಹೋಗುತ್ತದೆ. ಹಾಗಾಗಿ ಗಂಜಿ ಬಿಡಲೇಬೇಕು.

ನಮ್ಮ ಕರಾವಳಿಯಲ್ಲಿ ಇದು ಅಷ್ಟು ಕಷ್ಟ ಅಲ್ಲ. ಬಂಗಡೆ, ತಾರ್ಲೆ, ಮೊಟ್ಟೆ, ಕೊಬ್ಬರಿ ಎಣ್ಣೆ, ಬಸಳೆ, ಹರಿವೆ ಎಲ್ಲ ಮನೆಯಲ್ಲೇ ಇದೆ. ಮೀನಿಗೆ ರವೆ, ಅಕ್ಕಿಹಿಟ್ಟು ಹಚ್ಚಬಾರದು ಅಷ್ಟೆ. ನನಗೆ ಗೊತ್ತಿರುವ ಒಬ್ಬ ತಾಯಿ ಮುಳ್ಳು ಬಿಡಿಸಿದ ಬಂಗಡೆಯನ್ನು ಪುಟ್ಟ ತಕ್ಕಡಿಯಲ್ಲಿ ತೂಗುತ್ತಾರೆ. ಹುರಿದ ಎಣ್ಣೆಯನ್ನೂ ಅಳೆದು ಬಸಳೆ ಪಲ್ಯದ ಮೇಲೆ ಸುರಿಯುತ್ತಾರೆ. ಕೊನೆಗೆ ಆಮ್ಲೆಟ್ಟಿನ ಒಂದು ಚೂರಿನಿಂದ ಬಟ್ಟಲು ಒರೆಸಿ ಮಗುವಿನ ಬಾಯಿಗಿಡುತ್ತಾರೆ. ಬಟ್ಟಲಲ್ಲಿ ಉಳಿದ ಎಣ್ಣೆ ಅಂದರೆ ಆ ಹೊತ್ತಿನ ಡೋಸ್ ಕಡಿಮೆಯಾದಂತೆ. ಇದನ್ನು ಅವರಿಗೆ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ.

ಶುರು ಮಾಡುವ ಮೊದಲು ರಕ್ತ, ಮೂತ್ರ ಪರೀಕ್ಷೆ ಆಗಲೇಬೇಕು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕೊಬ್ಬನ್ನು ಕರಗಿಸಿ ಶಕ್ತಿ ಮಾಡಿಕೊಳ್ಳುವ ಗುಣ ಇರುವುದಿಲ್ಲ. ಅಂಥವರಿಗೆ ಈ ಊಟ ಜೀವಕ್ಕೇ ಅಪಾಯ. ಮಲಬದ್ಧತೆ, ವಾಂತಿ, ಕಿಡ್ನಿ ಕಲ್ಲು, ಕೊಲೆಸ್ಟರಾಲ್ ಏರುವುದು, ಬೆಳವಣಿಗೆ ನಿಧಾನ ಆಗುವುದು, ಇವೆಲ್ಲ ಸಾಧ್ಯ. ನೀರು ಚೆನ್ನಾಗಿ ಕುಡಿಸಿ. ಡಾಕ್ಟರು ಬರೆದ ವಿಟಮಿನ್, ಕ್ಯಾಲ್ಸಿಯಂ ತಪ್ಪಿಸಬೇಡಿ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಸಿರಪ್ಪುಗಳಲ್ಲಿ ಸಕ್ಕರೆ ಇರುತ್ತದೆ. ಫಿಟ್ಸಿನದ್ದಿರಲಿ, ಕೆಮ್ಮಿನದ್ದಿರಲಿ, ಮಾತ್ರೆಯಾಗಿ ಸಿಗುತ್ತದಾ ಕೇಳಿ.

ಮೂರು ತಿಂಗಳು ಬಿಡದೆ ಮಾಡಿ. ಫಿಟ್ಸ್ ಬಂದ ದಿನ, ಹೊತ್ತು ಬರೆದಿಡಿ. ಗುಣ ಕಂಡರೆ ಸಾಮಾನ್ಯವಾಗಿ ಎರಡು ವರ್ಷ ಮುಂದುವರಿಸುತ್ತಾರೆ.

ಪ್ರಶ್ನೆ (ಶಿರಸಿ): ನಾವು ಮೀನು, ಮೊಟ್ಟೆ ಮುಟ್ಟುವುದಿಲ್ಲ. ನಮ್ಮ ಮಗಳಿಗೂ ಡಾಕ್ಟರು ಇದನ್ನೇ ಹೇಳಿದ್ದಾರೆ. ಆಗುತ್ತದಾ?

ಉತ್ತರ: ಆಗುತ್ತದೆ. ಪನೀರ್, ಬೆಣ್ಣೆ, ತುಪ್ಪ, ಕೆನೆ, ತೆಂಗಿನಕಾಯಿ, ಬಾದಾಮಿ, ಸೊಪ್ಪು, ಸೌತೆಕಾಯಿ ನಿಮ್ಮ ಆಧಾರ. ಒಂದೆಲಗದ ತಂಬುಳಿಗೆ ಕಾಯಿ ಜಾಸ್ತಿ ಹಾಕಿ, ಬೆಲ್ಲ ಹಾಕಬೇಡಿ, ಮಜ್ಜಿಗೆ ಅಳೆದು ಹಾಕಿ. ಬೇಳೆಯಲ್ಲೂ ಕಾರ್ಬೋಹೈಡ್ರೇಟ್ ಇದೆ, ಅದೂ ಲೆಕ್ಕಕ್ಕೆ ಬರಬೇಕು. ದೆಹಲಿಯ ಏಮ್ಸ್‌ನಲ್ಲಿ ನಮ್ಮ ದೇಶದ ಮಕ್ಕಳ ಮೇಲೆಯೇ ಮಾಡಿಫೈಡ್ ಆಟ್ಕಿನ್ಸ್ ಪರೀಕ್ಷೆ ಆಗಿ 2013ರಲ್ಲಿ ಪ್ರಕಟವಾಗಿದೆ. ಫಲ ಒಳ್ಳೆಯದೇ ಇತ್ತು.

ನಿಜವಾದ ಕಷ್ಟ ಅಡುಗೆಮನೆಯಿಂದ ಹೊರಗೆ. ಮಾರಿಕಾಂಬಾ ಜಾತ್ರೆ, ನೆಂಟರ ಮನೆ, ಪಕ್ಕದ ಮನೆಯ ತೊಡದೇವು. ಒಂದು ಚಮಚ ಜೋನಿಬೆಲ್ಲದಲ್ಲೇ ಸುಮಾರು 5 ಗ್ರಾಂ ಸಕ್ಕರೆ. ಶಾಲೆಯ ಟೀಚರಿಗೆ, ಅಜ್ಜಿಗೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ದೇವಸ್ಥಾನದಲ್ಲಿ ಪಂಚಕಜ್ಜಾಯದ ಬದಲು ಹೂವು, ಕುಂಕುಮ ಕೊಡಿ ಅಂತ ಕೇಳಿದರೆ ಯಾವ ಭಟ್ಟರೂ ಬೇಡ ಅನ್ನುವುದಿಲ್ಲ.

ಪ್ರಶ್ನೆ (ಕಾರವಾರ): ತಮ್ಮನಿಗೆ 27 ವರ್ಷ. ಯೂಟ್ಯೂಬ್ ನೋಡಿ ಜಿಮ್ಮಿನವರ ಕೀಟೋ ಶುರು ಮಾಡಿದ್ದಾನೆ. ಇನ್ನು ಫಿಟ್ಸ್ ಮಾತ್ರೆ ಬೇಡ ಅನ್ನುತ್ತಾನೆ.

ಉತ್ತರ: ಮಾತ್ರೆ ನಿಲ್ಲಿಸಲು ಬಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ದೊಡ್ಡವರೂ ಈ ಊಟ ಮಾಡಬಹುದು, ಆದರೆ ನರರೋಗದ ಡಾಕ್ಟರು ಮತ್ತು ಆಹಾರ ತಜ್ಞರ ನಿಗಾದಲ್ಲಿ. ವಾಲ್ಪ್ರೋಯೇಟ್ ಅಥವಾ ಟೋಪಿರಮೇಟ್ ಅನ್ನುವ ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಹುಷಾರು ಬೇಕು. ಟೋಪಿರಮೇಟ್ ಜೊತೆ ರಕ್ತದ ಆಮ್ಲತೆ ಏರಬಹುದು, ಕಿಡ್ನಿ ಕಲ್ಲಿನ ಭಯವೂ ಇದೆ. ಈ ವಾರವೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮೂವರಿಗೂ ಒಂದು ಮಾತು. ಜ್ವರ, ವಾಂತಿ ಅಂತ ಹತ್ತಿರದ ಆಸ್ಪತ್ರೆಗೆ ಹೋದರೆ ಅಲ್ಲಿ ಮೊದಲು ಗ್ಲೂಕೋಸ್ ಡ್ರಿಪ್ ಹಾಕಿಬಿಡಬಹುದು. ಆಗ ಕೀಟೋನ್ ಇಳಿದು ಫಿಟ್ಸ್ ಮರಳಬಹುದು. ರಕ್ತದ ಸಕ್ಕರೆ ತೀರಾ ಇಳಿದಿದ್ದರೆ ಅದು ಬೇಕೇ ಬೇಕು, ಅದನ್ನು ಅಲ್ಲಿನ ಡಾಕ್ಟರು ನೋಡಿಕೊಳ್ಳುತ್ತಾರೆ. "ಈ ರೋಗಿ ಕೀಟೋ ಚಿಕಿತ್ಸೆಯಲ್ಲಿದ್ದಾರೆ" ಅಂತ ನಿಮ್ಮ ಡಾಕ್ಟರಿಂದ ಒಂದು ಚೀಟಿ ಬರೆಸಿ, ಫೈಲಿನಲ್ಲಿ ಮೇಲೆಯೇ ಇಟ್ಟುಕೊಳ್ಳಿ.