ಗಿನಿ ಪಿಗ್ ಹಿಂಗಾಲು ಎಳೆಯುತ್ತಿದೆ, ಎತ್ತಿದರೆ ಕಿರುಚುತ್ತದೆ: ಏನಾಗಿರಬಹುದು?

ಪ್ರಶ್ನೆ: ಎರಡು ವರ್ಷದ ಹೆಣ್ಣು ಗಿನಿ ಪಿಗ್. ಮೂರು ವಾರದಲ್ಲಿ ತೂಕ 890 ಗ್ರಾಂನಿಂದ 760ಕ್ಕೆ ಇಳಿದಿದೆ. ಮೂಟೆಯಿಂದ ಅಳೆದು ಕೊಡುವ ಬಿಡಿ ಪೆಲೆಟ್ (ಗುಳಿಗೆಯಂಥ ಒಣ ಆಹಾರ), ಸೌತೆಕಾಯಿ, ಕ್ಯಾರೆಟ್ ಹಾಕುತ್ತೇವೆ. ನೀರಿನ ಬಾಟಲಿಗೆ ವಿಟಮಿನ್ ಸಿ ಡ್ರಾಪ್ಸ್ ಬೆರೆಸುತ್ತೇವೆ. ಎರಡು ದಿನದಿಂದ ಹಿಂಗಾಲು ಎಳೆಯುತ್ತಿದೆ, ರೋಮ ಕೆದರಿಕೊಂಡು ಮೂಲೆಯಲ್ಲಿ ಕೂತಿರುತ್ತದೆ. ಎಲ್ಲಿಂದಲೂ ಬಿದ್ದಿಲ್ಲ. ಮನೆಯಲ್ಲಿ ಮಿಕ್ಕಿರುವ ಅಮಾಕ್ಸಿಸಿಲಿನ್ ಸಿರಪ್ ಕೊಡಬಹುದಾ?

ಉತ್ತರ 1: ಸರ್, ಆ ಸಿರಪ್ ಒಂದು ಹನಿಯೂ ಬೇಡ. ಇವುಗಳ ಕರುಳಿನಲ್ಲಿ ನಾರು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ. ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟರೆ ಪ್ರಾಣಿ ಉಳಿಯುವುದು ಕಷ್ಟ.

ನೀವು ಹೇಳಿದ್ದೆಲ್ಲ ಸ್ಕರ್ವಿಯ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆಯ ಲಕ್ಷಣ. ಗಿನಿ ಪಿಗ್ ನಮ್ಮ ಹಾಗೆಯೇ, ವಿಟಮಿನ್ ಸಿ ದೇಹದೊಳಗೆ ತಯಾರಾಗುವುದಿಲ್ಲ. ಕೊರತೆಯಾದರೆ ಎರಡು-ಮೂರು ವಾರದಲ್ಲಿ ಕೀಲಿನ ಸುತ್ತ ರಕ್ತ ಒಸರುತ್ತದೆ, ಕಿರುಚುವುದು ಆ ನೋವಿಗೆ. ಡ್ರಾಪ್ಸ್ ನೀರಲ್ಲಿ, ಬೆಳಕಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ರುಚಿ ಬದಲಾಗಿ ನೀರು ಕುಡಿಯುವುದೂ ಕಡಿಮೆಯಾಗುತ್ತದೆ. ಬಿಡಿ ಪೆಲೆಟ್ ತಯಾರಾದ ದಿನ ಗೊತ್ತಿರುವುದಿಲ್ಲ. ಮೂರು ತಿಂಗಳು ದಾಟಿದ್ದರೆ ಅದರ ವಿಟಮಿನ್ ನಂಬಬೇಡಿ.

ಇವತ್ತೇ ವೆಟ್‌ಗೆ ತೋರಿಸಿ. ಸ್ಕರ್ವಿಯೇ ಆದರೆ ಸಾಮಾನ್ಯವಾಗಿ ಕೆಜಿಗೆ ದಿನಕ್ಕೆ 50 ಮಿಗ್ರಾಂ ಕೊಡಿಸುತ್ತಾರೆ, ಪ್ರಮಾಣ ಅವರೇ ಹೇಳಲಿ. ಬರೀ ವಿಟಮಿನ್ ಸಿ ಇರುವ 500 ಮಿಗ್ರಾಂ ಮಾತ್ರೆ ಪುಡಿ ಮಾಡಿ 10 ಮಿಲಿ ನೀರಿಗೆ ಕಲಸಿದರೆ 1 ಮಿಲಿಯಲ್ಲಿ 50 ಮಿಗ್ರಾಂ. ನಿಮ್ಮದರ ತೂಕಕ್ಕೆ ಸುಮಾರು 0.75 ಮಿಲಿ. ದಿನಾ ಹೊಸದಾಗಿ ಕಲಸಿ, ಚೆನ್ನಾಗಿ ಅಲುಗಾಡಿಸಿ ಎಳೆದುಕೊಳ್ಳಿ. ಸೂಜಿ ತೆಗೆದ ಸಿರಿಂಜನ್ನು ಮುಂದಿನ ಹಲ್ಲುಗಳ ಹಿಂದಿರುವ ಖಾಲಿ ಜಾಗಕ್ಕೆ ಪಕ್ಕದಿಂದ ತೂರಿಸಿ, 0.2 ಮಿಲಿ ಬಿಟ್ಟು, ಅಗಿದು ನುಂಗಿದ ಮೇಲೆ ಮುಂದಿನದು. ಮಲ್ಟಿವಿಟಮಿನ್ ಬೇಡ, ಎ ಮತ್ತು ಡಿ ಅತಿಯಾಗುತ್ತದೆ.

ಉತ್ತರ 2: ಹಲ್ಲನ್ನೂ ನೋಡಿಸಿ. ಇಪ್ಪತ್ತು ಹಲ್ಲೂ ಜೀವನಪೂರ್ತಿ ಬೆಳೆಯುತ್ತವೆ, ಹುಲ್ಲು ಅರೆದರೆ ಮಾತ್ರ ಸವೆಯುತ್ತವೆ. ನಿಮ್ಮ ಪಟ್ಟಿಯಲ್ಲಿ ಹುಲ್ಲೇ ಇಲ್ಲ! ಗದ್ದ ಒದ್ದೆಯಾಗಿದ್ದರೆ, ತುತ್ತು ಬಾಯಿಂದ ಜಾರುತ್ತಿದ್ದರೆ ದವಡೆ ಹಲ್ಲು ಬೆಳೆದು ನಾಲಿಗೆಯನ್ನು ಒತ್ತುತ್ತಿರಬಹುದು. ಆಹಾರದ ಬಹುಪಾಲು ಹುಲ್ಲಾಗಬೇಕು. ಔಷಧಿ ಹೊಡೆಯದ ಜಾಗದ ಗರಿಕೆ ಒಳ್ಳೆಯದು, ಶುರುವಿಗೆ ಒಂದು ಹಿಡಿ, ವಾರದಲ್ಲಿ ಹೆಚ್ಚಿಸುತ್ತಾ ಹೋಗಿ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಬೆಳೆದ ಗಿನಿ ಪಿಗ್‌ಗಳಿಗೆ ದಿನಾ ಬೇಡ, ಸುಣ್ಣದಂಶ ಜಾಸ್ತಿ, ಮೂತ್ರಕೋಶದಲ್ಲಿ ಕಲ್ಲಾಗಬಹುದು.

ಬೇಟೆಗೆ ಸಿಗುವ ಪ್ರಾಣಿ ಇದು, ನೋವನ್ನು ಕೊನೆವರೆಗೂ ಮುಚ್ಚಿಡುತ್ತದೆ. ಹಾಗಾಗಿ ಅಡುಗೆಮನೆ ತಕ್ಕಡಿಯೇ ನಿಮ್ಮ ಕಣ್ಣು: ಈಗ ದಿನಾ, ಆಮೇಲೆ ವಾರಕ್ಕೊಮ್ಮೆ ತೂಗಿ. ಅರ್ಧ ದಿನ ಏನೂ ತಿನ್ನದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ ಕೇಳಿದವರು: ವೆಟ್ ಸ್ಕರ್ವಿ ಅಂದರು, ಹಲ್ಲು ಸರಿಯಿದೆ. ಆರನೇ ದಿನ 785 ಗ್ರಾಂ, ನಡಿಗೆ ಸುಧಾರಿಸಿದೆ. ಆದರೆ ವಿಟಮಿನ್ ಸಿ ಸಿಗಲಿ ಅಂತ ಇಡುವ ದೊಣ್ಣೆ ಮೆಣಸಿನಕಾಯಿಯನ್ನು ಮೂಸಿ ಬಿಟ್ಟುಬಿಡುತ್ತದೆ.

ಉತ್ತರ 1: ಮರಿಯಾಗಿದ್ದಾಗ ತಿನ್ನದ್ದನ್ನು ದೊಡ್ಡದಾದ ಮೇಲೆ ಆಹಾರವೆಂದು ಬೇಗ ಗುರುತಿಸುವುದಿಲ್ಲ. ಬೀಜ, ತೊಟ್ಟು ತೆಗೆದು ಕಡ್ಡಿಯಂತೆ ಹೆಚ್ಚಿ, ಸೌತೆಕಾಯಿ ತಿರುಳು ಸವರಿ, ಹುಲ್ಲಿನೊಳಗೆ ಸೇರಿಸಿ. ಸಂಜೆ ಉಳಿದಿದ್ದರೆ ತೆಗೆದುಬಿಡಿ, ಮರುದಿನ ಮತ್ತೆ ಇಡಿ. ದಿನಕ್ಕೆ 25 ಗ್ರಾಂ ತಿನ್ನುವವರೆಗೆ ಸಿರಿಂಜ್ ನಿಲ್ಲಿಸಬೇಡಿ.