ಸಹಾಯ ಬೇಕು: ರೆವಿಟ್ ಪ್ಲಾನ್‌ನಲ್ಲಿ ವೆಂಟಿಲೇಟರ್ ಕಾಣ್ತಿಲ್ಲ

ಎಲ್ಲರಿಗೂ ನಮಸ್ಕಾರ್ರಿ. ಬಾಗಲಕೋಟೆ ನವನಗರದ ಒಂದು 30×40 ಮನೆಯ ಮಾಡೆಲ್ ಅನ್ನು ರೆವಿಟ್‌ನಲ್ಲಿ (ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್) ಮಾಡುತ್ತಿದ್ದೇನೆ. ಬಚ್ಚಲುಮನೆಯ ವೆಂಟಿಲೇಟರ್ (ಗೋಡೆಯ ಮೇಲ್ಭಾಗದ ಸಣ್ಣ ಗಾಳಿಕಿಂಡಿ) ತ್ರೀಡಿಯಲ್ಲಿ ಚೆನ್ನಾಗಿ ಕಾಣುತ್ತದೆ, ಪ್ಲಾನ್‌ನಲ್ಲಿ ಮಾತ್ರ ಬರೀ ಗೋಡೆ. ಏನೇನು ಕಾಣಬೇಕು ಅಂತ ಆರಿಸುವ ಪಟ್ಟಿಯನ್ನು ವಿವಿ (VV) ಒತ್ತಿ ತೆರೆದು ನೋಡಿದೆ, ವಿಂಡೋಸ್‌ಗೆ (ಕಿಟಕಿಗಳಿಗೆ) ಟಿಕ್ ಇದೆ. ವ್ಯೂ ರೇಂಜ್‌ ಸೆಟ್ಟಿಂಗ್‌ನಲ್ಲಿ ಕಟ್ ಪ್ಲೇನ್ (ಪ್ಲಾನ್‌ಗಾಗಿ ಮನೆಯನ್ನು ಅಡ್ಡ ಕತ್ತರಿಸಿ ತೋರಿಸುವ ಎತ್ತರ) 1200 ಮಿ.ಮೀ., ವೆಂಟಿಲೇಟರ್ ಶುರುವಾಗೋದೇ 2100ಕ್ಕೆ. ಕಾರಣ ಇದೇ ಅಲ್ವಾ? ಆದರೆ 2200ಕ್ಕೆ ಏರಿಸಿದರೆ ಬಾಗಿಲು, ಕಿಟಕಿ ಎಲ್ಲ ಮಾಯ!

ಪ್ಲಾನ್ ರೀಜನ್ (ಪ್ಲಾನ್‌ನ ಒಂದು ಭಾಗಕ್ಕೆ ಮಾತ್ರ ಬೇರೆ ವ್ಯೂ ರೇಂಜ್ ಕೊಡುವ ಟೂಲ್) ಹಾಕಿ ಅಂತಾರೆ. ವೆಂಟಿಲೇಟರ್ ಸುತ್ತ ಸಣ್ಣ ಚೌಕ ಎಳೆದು, ಅಷ್ಟಕ್ಕೆ ಕಟ್ ಪ್ಲೇನ್ ಏರಿಸಿದರೆ ಸಾಕಾ? ಅಡುಗೆಮನೆಯಲ್ಲಿ ಕಿಟಕಿಯ ನೇರ ಮೇಲೆಯೇ ವೆಂಟಿಲೇಟರ್ ಇದೆ, ಅಲ್ಲಿ ಎರಡನ್ನೂ ಹೇಗೆ ತೋರಿಸುತ್ತೀರಿ? ಸುಮ್ನೆ ಡಿಟೇಲ್ ಲೈನ್ (ಮಾಡೆಲ್‌ಗೆ ಸೇರದ, ಆ ಪ್ಲಾನ್ ಮೇಲಷ್ಟೇ ಇರುವ ಗೆರೆ) ಎಳೆಯಬಹುದು, ಆದರೆ ನಾಳೆ ಮಾಲೀಕರು ವೆಂಟಿಲೇಟರ್ ಸರಿಸಿ ಅಂದರೆ ಗೆರೆ ಅಲ್ಲೇ ಉಳಿಯುತ್ತದೆ. ಗೊತ್ತಿದ್ದವರು ತಿಳಿಸ್ರಿ.